ಕೊಬಾನಿ 2014: ಬಂದೂಕು ಹಿಡಿದವರು ಟ್ಯಾಂಕ್ ಇದ್ದವರನ್ನು ತಡೆದದ್ದು ಹೇಗೆ?

ಹಳೆನಕ್ಷೆ (ಪ್ರಶ್ನೆ)

ಸಿರಿಯಾ-ಟರ್ಕಿ ಗಡಿಯ ಕುರ್ದ್ ಪಟ್ಟಣ ಕೊಬಾನಿಗೆ ಐಸಿಸ್ ಹಾಕಿದ ಮುತ್ತಿಗೆ ಬಗ್ಗೆ ಎಲ್ಲಿ ಓದಿದರೂ ಎರಡೇ ಮಾತು: ಕುರ್ದ್ ಹೆಣ್ಣುಮಕ್ಕಳ ಧೈರ್ಯ, ಇಲ್ಲವೇ ಅಮೆರಿಕದ ವಿಮಾನ. ನನಗೆ ಲೆಕ್ಕ ತಾಳೆಯಾಗುತ್ತಿಲ್ಲ. ಅಲ್ಲಿ ವಾಯುದಾಳಿ ಶುರುವಾದದ್ದು 2014ರ ಸೆಪ್ಟೆಂಬರ್ ಕೊನೆಯಲ್ಲಿ. ಆದರೂ ಅಕ್ಟೋಬರ್ 6ರಂದು ಪಟ್ಟಣದ ಪೂರ್ವ ಅಂಚಿನ ಕಟ್ಟಡದ ಮೇಲೆ ಐಸಿಸ್ ಬಾವುಟ ಹಾರಿತ್ತು. ಮರುದಿನ ಟರ್ಕಿ ಅಧ್ಯಕ್ಷ ಎರ್ಡೊವಾನ್ "ಕೊಬಾನಿ ಇನ್ನೇನು ಬೀಳಲಿದೆ" ಎಂಬರ್ಥದ ಮಾತನ್ನೂ ಆಡಿದರು. ಹಾಗಿದ್ದ ಪಟ್ಟಣ ಬೀಳಲಿಲ್ಲ ಯಾಕೆ? ಅಕ್ಟೋಬರ್ ನಡುವೆ ಬದಲಾದದ್ದೇನು?

ಗುಡ್ಡದಂಚು

ಮೊದಲು ಹಳ್ಳಿಗಳು ಯಾಕೆ ಕೈತಪ್ಪಿದವು ಅಂತ ನೋಡಿ, ಪಟ್ಟಣ ಯಾಕೆ ಉಳಿಯಿತು ಅನ್ನೋದು ಅಲ್ಲೇ ಇದೆ.

ಕೊಬಾನಿ ಸುತ್ತ ಇರುವುದು ಬಯಲು ನೆಲ, ಅಲ್ಲಲ್ಲಿ ಸಣ್ಣ ದಿಬ್ಬ. ಐಸಿಸ್ ಬಳಿ ಆ ವರ್ಷ ಜೂನ್‌ನಲ್ಲಿ ಇರಾಕಿನ ಮೊಸುಲ್‌ನಲ್ಲಿ ಸಿಕ್ಕ ಶಸ್ತ್ರಗಳಿದ್ದವು. ಅದರ ಮೇಲೆ ಸಿರಿಯಾ ಸೇನೆಯ 17ನೇ ಡಿವಿಷನ್, 93ನೇ ಬ್ರಿಗೇಡ್, ತಬ್ಕಾ ವಾಯುನೆಲೆಗಳಿಂದ ಕಸಿದ ಟ್ಯಾಂಕು, ಫಿರಂಗಿ. ಊರು ಕಾಯುತ್ತಿದ್ದ ಕುರ್ದ್ ಪಡೆ ವೈಪಿಜಿ, ಅದರ ಹೆಣ್ಣುಮಕ್ಕಳ ಪಡೆ ವೈಪಿಜೆ, ಇವರ ಕೈಯಲ್ಲಿ ಕಲಾಶ್ನಿಕೋವ್, ಪಿಕೆ ಮಷಿನ್‌ಗನ್, ಹೆಗಲ ಮೇಲಿಟ್ಟು ಹಾರಿಸುವ ಆರ್‌ಪಿಜಿ-7 ರಾಕೆಟ್, ಪಿಕಪ್ ಮೇಲೆ ಕೂರಿಸಿದ 12.7 ಮಿ.ಮೀ. ದುಷ್ಕಾ ಭಾರಿ ಮಷಿನ್‌ಗನ್. ಆರ್‌ಪಿಜಿಯಲ್ಲಿ ಓಡುವ ವಾಹನಕ್ಕೆ ಗುರಿ ಹಿಡಿಯಬೇಕಾದರೆ 300 ಮೀಟರ್ ಒಳಗಿರಬೇಕು. ಟ್ಯಾಂಕು ಒಂದೂವರೆ ಕಿಲೋಮೀಟರ್ ಆಚೆಯೇ ನಿಂತು ಮನೆ ಒಡೆಯುತ್ತದೆ. ಬಯಲಲ್ಲಿ ನಿಂತು ಕಾದುವುದು ಸುಮ್ಮನೆ ಜನ ಕಳಕೊಂಡಂತೆ. ಮೂರು ವಾರದಲ್ಲಿ 300ಕ್ಕೂ ಹೆಚ್ಚು ಹಳ್ಳಿ ಹೋದದ್ದು ಹೀಗೆ.

ಬೀದಿಗೆ ಬಂದ ಮೇಲೆ ಈ ಲೆಕ್ಕ ತಲೆಕೆಳಗು. ಅಂತರ 50 ಮೀಟರಿಗೆ ಇಳಿಯುತ್ತದೆ, ಟ್ಯಾಂಕಿನ ಮಗ್ಗುಲು, ಹಿಂಭಾಗ ಆರ್‌ಪಿಜಿಗೆ ತೆರೆದುಕೊಳ್ಳುತ್ತವೆ, ಓಣಿಯಲ್ಲಿ ತೋಪು ಪೂರಾ ತಿರುಗುವುದಿಲ್ಲ, ಮೇಲಂತಸ್ತಿಗೆ ಏರುವುದೂ ಇಲ್ಲ. ರಕ್ಷಕರು ಬೀದಿಗೆ ಇಳಿಯುತ್ತಲೇ ಇರಲಿಲ್ಲ. ಒಂದು ಮನೆಯ ಗೋಡೆಗೆ ಆಳು ನುಸುಳುವಷ್ಟು ಕಂಡಿ ಕೊರೆದು ಪಕ್ಕದ ಮನೆಗೆ, ಅಲ್ಲಿಂದ ಮುಂದಿನದಕ್ಕೆ. ಬೀದಿ ದಾಟಲೇಬೇಕಾದ ಕಡೆ ಅಡ್ಡಲಾಗಿ ದೊಡ್ಡ ಬಟ್ಟೆ, ಕಂಬಳಿ ಕಟ್ಟುತ್ತಿದ್ದರು. ಬಟ್ಟೆ ಗುಂಡು ತಡೆಯುವುದಿಲ್ಲ, ಸ್ನೈಪರ್‌ಗೆ ಯಾರು ಯಾವಾಗ ದಾಟಿದರು ಅನ್ನೋದು ಕಾಣದಂತೆ ಮಾಡುತ್ತದೆ, ಅಷ್ಟೇ ಸಾಕು.

ದೊಡ್ಡ ಪೆಟ್ಟು ಮಿಷ್ಟೆನೂರ್ ಗುಡ್ಡ ಹೋದದ್ದು. ಪಟ್ಟಣದ ದಕ್ಷಿಣ ಮಗ್ಗುಲಿಗೆ ಇರುವ ಅದರ ಮೇಲೆ ನಿಂತರೆ ಇಡೀ ಪಟ್ಟಣ ಅಂಗೈ ಮೇಲೆ. ಅಕ್ಟೋಬರ್ 5ರಂದು ವೈಪಿಜೆಯ ಅರಿನ್ ಮಿರ್ಕಾನ್ ಮೈಗೆ ಸ್ಫೋಟಕ ಕಟ್ಟಿಕೊಂಡು ನುಗ್ಗಿದ್ದು ಆ ಗುಡ್ಡದ ಕಾಳಗದಲ್ಲೇ.

ಗಾಳಿಗೋಪುರ

ವಿಮಾನದ ಪಾಲನ್ನು ನಾನು ಹೇಳುತ್ತೇನೆ, ಮೂಲ ಪ್ರಶ್ನೆ ಇರುವುದೇ ಅಲ್ಲಿ.

ಮೊದಲ ದಿನಗಳಲ್ಲಿ ದಾಳಿಗಳು ಕಡಿಮೆ. ಪಟ್ಟಣದ ಹೊರಗೆ ಒಂಟಿಯಾಗಿ ಕಂಡ ಟ್ಯಾಂಕು, ವಾಹನ, ಕಾವಲು ಠಾಣೆಗಳ ಮೇಲೆ ಬಾಂಬು ಬೀಳುತ್ತಿತ್ತು. ಐಸಿಸ್ ಬೇಗ ಪಾಠ ಕಲಿಯಿತು: ವಾಹನ ಮರೆಮಾಡು, ಸಣ್ಣ ಗುಂಪಾಗಿ ನಡೆ, ಎದುರಾಳಿಗೆ ಆದಷ್ಟೂ ಒತ್ತಿಕೊಂಡಿರು. ಎರಡು ಪಡೆಗಳ ನಡುವೆ ಒಂದೇ ಓಣಿ ಇರುವಾಗ ಮೇಲಿಂದ ನೋಡುವವನಿಗೆ ಯಾವ ಚಾವಣಿ ಯಾರದು ಅಂತ ಹೇಗೆ ತಿಳಿಯಬೇಕು? ಪಟ್ಟಣದೊಳಗೆ ಅಮೆರಿಕದ ಸೈನಿಕರಿರಲಿಲ್ಲ.

ಅಕ್ಟೋಬರ್ ನಡುವೆ ಬದಲಾದದ್ದು ಈ ಕೊಂಡಿ. ವೈಪಿಜಿಯ ಪ್ರತಿನಿಧಿ ಅಮೆರಿಕನ್ನರ ಜತೆಗಿನ ಜಂಟಿ ಕಾರ್ಯಾಚರಣೆ ಕೊಠಡಿಯಲ್ಲಿ ಕೂತ. ಒಳಗಿದ್ದವರು ಗುರಿಯ ಅಕ್ಷಾಂಶ-ರೇಖಾಂಶ ಕಳಿಸಬೇಕು, ಕೊಠಡಿಯಲ್ಲಿ ಅದನ್ನು ಆಗಸದ ಚಿತ್ರದ ಜತೆ ತಾಳೆ ನೋಡಬೇಕು, ಆಮೇಲೆ ಪೈಲಟ್‌ಗೆ. ಎಡವಟ್ಟಾಗುವುದು ಎರಡು ಕಡೆ. ಅಂಕಿಯೊಂದು ತಪ್ಪಿದರೆ ಬಾಂಬು ನಿಖರವಾಗಿ ತಪ್ಪು ಮನೆಯ ಮೇಲೆ ಬೀಳುತ್ತದೆ, ಬಾಂಬಿನ ನಿಖರತೆ ಅಲ್ಲಿ ಏನೂ ಮಾಡದು. ಮತ್ತೆ, ತಾಳೆ ನೋಡುವಷ್ಟರಲ್ಲಿ ಗುರಿ ಜಾಗ ಬದಲಿಸಿರುತ್ತದೆ. ಬಿ-1 ಬಾಂಬರ್ ಅಲ್ಲಿ ಹೊಂದಿದ್ದು ಇದಕ್ಕೇ: ಗಂಟೆಗಟ್ಟಲೆ ಮೇಲೆ ಸುತ್ತುತ್ತಾ ಇರಬಲ್ಲದು, ಹೊಟ್ಟೆಯಲ್ಲಿ ಬಾಂಬು ಧಾರಾಳ, ಕರೆ ಬಂದ ಕೂಡಲೇ ಹಾಕಲು ಸಿದ್ಧ.

ಇನ್ನೊಂದು, ಐಸಿಸ್‌ನ ಜಂಬ. ಕೊಬಾನಿ ತಮ್ಮ ಮುಖ್ಯ ಗುರಿಯಲ್ಲ ಎಂಬಂತೆ ಆಗಿನ ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರಿಯೇ ಅಕ್ಟೋಬರ್‌ನಲ್ಲಿ ಮಾತಾಡಿದ್ದರು. ಆದರೆ ಗಡಿಯಾಚೆ ಗುಡ್ಡದಿಂದ ಜಗತ್ತಿನ ಕ್ಯಾಮೆರಾಗಳು ನೋಡುತ್ತಿದ್ದ ಊರನ್ನು ಬಿಟ್ಟು ಹೋಗಲು ಐಸಿಸ್‌ಗೆ ಮನಸ್ಸಾಗಲಿಲ್ಲ. ಹೊಸ ತಂಡಗಳು ಬರುತ್ತಲೇ ಇದ್ದವು, ದಾರಿಯಲ್ಲೇ ಸಿಕ್ಕಿಬೀಳುತ್ತಿದ್ದವು. ನನ್ನ ಪ್ರಕಾರ ಅವರು ಸೋತದ್ದು ಇಲ್ಲೇ.

ಹಳೆನಕ್ಷೆ

ಸರಿ. ಆದರೆ ಮದ್ದುಗುಂಡು? ನಾಲ್ಕು ತಿಂಗಳಿಗೆ ಆಗುವಷ್ಟು ದಾಸ್ತಾನು ಇತ್ತೇ?

ರೈಲುಹಳಿ

ಇರಲಿಲ್ಲ. ಮೂರು ದಿಕ್ಕಿಗೆ ಐಸಿಸ್, ಉತ್ತರಕ್ಕೆ ಟರ್ಕಿ. ಅಲ್ಲಿ ಗಡಿ ಅಂದರೆ ರೈಲುಹಳಿಯೇ. (ಊರಿನ ಹೆಸರೂ ಆ ಹಳಿ ಹಾಕಿದ ಜರ್ಮನ್ "ಕಂಪನಿ"ಯಿಂದಲೇ ಬಂತು ಅನ್ನುವವರಿದ್ದಾರೆ.) ಸುಮಾರು ಎರಡು ಲಕ್ಷ ಜನ ಆ ಗಡಿ ದಾಟಿ ಟರ್ಕಿಯ ಸುರುಚ್ ಕಡೆ ಹೋದರು, ಆದರೆ ಆಚೆಯಿಂದ ಈಚೆಗೆ ಶಸ್ತ್ರ ಬರಲು ಟರ್ಕಿ ಮೊದಮೊದಲು ಬಿಡಲಿಲ್ಲ.

ಅಕ್ಟೋಬರ್ 20ರ ನಸುಕಿನೊಳಗೆ ಅಮೆರಿಕದ ಮೂರು ಸಿ-130 ಸರಕು ವಿಮಾನಗಳು ಇರಾಕಿ ಕುರ್ದಿಸ್ತಾನ ಕೊಟ್ಟ ಗುಂಡು, ಬಂದೂಕು, ಔಷಧಿಯ ಗಂಟುಗಳನ್ನು ಪ್ಯಾರಾಚೂಟಿನಲ್ಲಿ ಇಳಿಸಿದವು. ಇಪ್ಪತ್ತೇಳರಷ್ಟು ಗಂಟು. ರಕ್ಷಕರ ಕೈಲಿದ್ದ ನೆಲ ತೀರಾ ಕಿರಿದು, ಗಾಳಿ ಸ್ವಲ್ಪ ಎಳೆದರೂ ಗಂಟು ಶತ್ರುವಿನ ಅಂಗಳಕ್ಕೆ. ಒಂದು ಹಾಗೆಯೇ ಐಸಿಸ್ ಕೈಗೆ ಹೋಯಿತು, ದಾರಿ ತಪ್ಪಿದ ಇನ್ನೊಂದನ್ನು ಅಮೆರಿಕನ್ನರೇ ಬಾಂಬು ಹಾಕಿ ಸುಟ್ಟರು. ತಿಂಗಳ ಕೊನೆಗೆ ಟರ್ಕಿ ಮೂಲಕ ಇರಾಕಿ ಕುರ್ದಿಸ್ತಾನದ ಪಡೆಯಾದ ಪೇಶ್ಮೆರ್ಗಾದ ಸುಮಾರು 150 ಮಂದಿ ಫಿರಂಗಿ, ಮಾರ್ಟರ್ ಸಮೇತ ಬಂದರು. ಅವರ ಕೆಲಸ ಮುಂಚೂಣಿಯದಲ್ಲ, ಹಿಂದಿನಿಂದ ಶೆಲ್ ಹಾರಿಸುವುದು. ಬಯಲಲ್ಲಿ ಇಲ್ಲದಿದ್ದ ದೂರದ ಏಟು ಆಗ ಸಿಕ್ಕಿತು. ಅವರಿಗೆ ಸ್ವಲ್ಪ ಮುಂಚೆ ಸಿರಿಯಾ ಸರ್ಕಾರದ ವಿರುದ್ಧ ಬಂಡೆದ್ದ ಫ್ರೀ ಸಿರಿಯನ್ ಆರ್ಮಿಯ ಚಿಕ್ಕ ತಂಡವೂ ಬಂದಿತ್ತು.

ನೆಲದ ಮೇಲೆ ಬಂದದ್ದಕ್ಕೆಲ್ಲ ಬೇಕಿದ್ದದ್ದು ಟರ್ಕಿ ಗಡಿಯ ಮುರ್ಷಿತ್‌ಪಿನಾರ್ ಗೇಟು. ಗಾಯಾಳುಗಳು ಹೊರಹೋಗುತ್ತಿದ್ದದ್ದೂ ಅಲ್ಲಿಂದಲೇ. ನವೆಂಬರ್ 29ರಂದು ಐಸಿಸ್ ಆತ್ಮಾಹುತಿ ವಾಹನ ಸಿಡಿಸಿದ್ದು ಅದೇ ಗೇಟಿನ ಬಳಿ. ಅದು ಬಿದ್ದಿದ್ದರೆ ಗೋಡೆಯ ಕಂಡಿ, ಬಿ-1 ಯಾವುದೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಗುಡ್ಡದಂಚು

ಗೇಟಿನ ಮಾತು ನಾನು ಬಿಟ್ಟಿದ್ದೆ, ಒಪ್ಪಿದೆ. ಕೊನೆ ಹಂತ ಬೇಗ ಮುಗಿಯಿತು: 2015ರ ಜನವರಿ 19ರಂದು ಮಿಷ್ಟೆನೂರ್ ವಾಪಸ್, 26ರಂದು ಪಟ್ಟಣ. ಗುಡ್ಡ ಕೈಗೆ ಬಂದ ಮೇಲೆ ಕೆಳಗಿನ ಬೀದಿಗಳಲ್ಲಿ ಐಸಿಸ್ ನಿಲ್ಲುವುದು ಸಾಧ್ಯವೇ ಇರಲಿಲ್ಲ.

ಆದರೆ ಉಳಿದದ್ದು ಕಲ್ಲುಮಣ್ಣಿನ ರಾಶಿ. ಉಪಗ್ರಹ ಚಿತ್ರದಲ್ಲಿ 3,000ಕ್ಕೂ ಹೆಚ್ಚು ಕಟ್ಟಡಗಳಿಗೆ ಹಾನಿ ಕಂಡಿತು. ಅವಶೇಷದಡಿ ಸಿಡಿಯದ ಶೆಲ್, ಬಾಗಿಲಿಗೆ ಕಟ್ಟಿಟ್ಟ ಸ್ಫೋಟಕ. ಮನೆ ನೋಡಲು ಬಂದವರು ಬಾಗಿಲು ತೆಗೆದು ಸತ್ತದ್ದೂ ಉಂಟು. ಅದೇ ವರ್ಷದ ಜೂನ್ 25ರಂದು ಕುರ್ದ್ ಹೋರಾಟಗಾರರ ಸಮವಸ್ತ್ರ ತೊಟ್ಟು ನುಸುಳಿದ ಐಸಿಸ್ ತಂಡ 200ಕ್ಕೂ ಹೆಚ್ಚು ನಾಗರಿಕರನ್ನು ಕೊಂದಿತು. ಮುತ್ತಿಗೆಯಲ್ಲಿ ನಾಗರಿಕರು ಇಷ್ಟೊಂದು ಸಂಖ್ಯೆಯಲ್ಲಿ ಸತ್ತಿರಲಿಲ್ಲ, ಆಗ ಊರು ಬಹುಪಾಲು ಖಾಲಿಯಿತ್ತು. ಜೂನ್‌ನಲ್ಲಿ ಜನ ಮನೆಗೆ ಮರಳಿದ್ದರು.