ಕಾಂಟೆಸ್ಸಾಗೆ ಹೊಸ ಪ್ರೊಪೆಲ್ಲರ್ ಶಾಫ್ಟ್: ಸ್ಟೀಲೋ, ಅಲ್ಯೂಮಿನಿಯಮ್ಮೋ?

ಹಳೇಗಾಡಿ ಮಂಡ್ಯ:
ಕಾಂಟೆಸ್ಸಾಗೆ 2 ಲೀಟರ್ ಪೆಟ್ರೋಲ್ ಎಂಜಿನ್ನು, ಅದರದ್ದೇ 5 ಸ್ಪೀಡ್ ಗೇರ್‌ಬಾಕ್ಸ್ ಕೂರಿಸಿದೆ. ಗೇರ್‌ಬಾಕ್ಸಿಂದ ಹಿಂದಿನ ಆಕ್ಸಲ್‌ಗೆ ತಿರುಗುಬಲ ಒಯ್ಯೋ ಹಳೇ ಪ್ರೊಪೆಲ್ಲರ್ ಶಾಫ್ಟ್ ಅಳತೆಗೆ ಬರಲ್ಲ, ಹೊಸದೇ ಮಾಡಿಸ್ಬೇಕು. ಕ್ರಾಸಿಂದ ಕ್ರಾಸಿಗೆ (ಎರಡು ತುದಿಯ ಕೀಲುಗಳ ನಡುವೆ) 1.3 ಮೀಟರ್, ಒಂದೇ ಪೀಸು. ಎಂಜಿನ್ ಟಾರ್ಕ್ (ತಿರುಗುಬಲ) 190 ಎನ್‌ಎಂ (ನ್ಯೂಟನ್ ಮೀಟರ್), ಫಸ್ಟ್ ಗೇರ್ 3.6, ಹೌಸಿಂಗ್ (ಹಿಂದಿನ ಆಕ್ಸಲ್) ರೇಶಿಯೋ 4.1, ಟೈರ್ ಸುತ್ತಳತೆ 1.95 ಮೀಟರ್. ಓಡಾಟ ಮೈಸೂರು ಹೈವೇ, ಜೊತೆಗೆ ಪಾಂಡವಪುರದ ಕಡೆ ಕಬ್ಬಿನ ಗದ್ದೆ ಪಕ್ಕದ ಜಲ್ಲಿ ರಸ್ತೆ. ಅಲ್ಯೂಮಿನಿಯಂ ಹಾಕಿಸಿದ್ರೆ ಪಿಕಪ್ ಜಾಸ್ತಿ, ಸ್ಪೀಡಲ್ಲಿ ನಡುಕ ಇರಲ್ಲ ಅಂತಾರೆ. ನಿಜಾನಾ?

ಲೆಕ್ಕದ ಶಾಫ್ಟು:
ನಡುಕದ ಮಾತು ಅರ್ಧ ಸತ್ಯ ಸಾರ್. ಶಾಫ್ಟು ಬಿಲ್ಲಿನ ಹಾಗೆ ಬಾಗೋಕೆ ಶುರುವಾಗೋ ಕ್ರಿಟಿಕಲ್ ಸ್ಪೀಡು ಉದ್ದ, ವ್ಯಾಸ, ಮತ್ತೆ ಲೋಹದ ಬಿಗಿತಕ್ಕೂ (ಬಾಗದೆ ನಿಲ್ಲೋ ಗುಣ) ಸಾಂದ್ರತೆಗೂ ಇರೋ ಅನುಪಾತದ ಮೇಲೆ ನಿಂತಿದೆ. ಆ ಅನುಪಾತ ಎರಡು ಲೋಹಕ್ಕೂ ಹೆಚ್ಚೂಕಮ್ಮಿ ಒಂದೇ. ಅಂದ್ರೆ ಅದೇ ಸೈಜಿನ ಟ್ಯೂಬಿಗೆ ಅಲ್ಯೂಮಿನಿಯಂನಿಂದ ಏನೂ ಲಾಭವಿಲ್ಲ. ತೂಕ ಏರದಂಗೆ ದಪ್ಪ ವ್ಯಾಸಕ್ಕೆ ಹೋಗಬಹುದು ಅನ್ನೋದಷ್ಟೇ ಅದರ ಅನುಕೂಲ.

ನಿಮ್ಮ 1.3 ಮೀಟರಿಗೆ 76 ಮಿ.ಮೀ. ವ್ಯಾಸ, 3 ಮಿ.ಮೀ. ಗೋಡೆಯ ಸ್ಟೀಲ್ ಟ್ಯೂಬ್ ಹಾಕಿದ್ರೆ ಕ್ರಿಟಿಕಲ್ ಸ್ಪೀಡ್ ಸುಮಾರು 7,250 ಆರ್‌ಪಿಎಂ. ಅದರ ಮುಕ್ಕಾಲು, ಅಂದ್ರೆ 5,450 ದಾಟಬಾರದು. ನಿಮ್ಮ ರೇಶಿಯೋಗೆ ಅದು ಗಂಟೆಗೆ 155 ಕಿ.ಮೀ. ಹೈವೇಲಿ 100ರಲ್ಲಿ ಹೋದ್ರೆ ಶಾಫ್ಟ್ ತಿರುಗೋದು 3,500. ಧಾರಾಳವಾಯ್ತು.

ಪಿಕಪ್ಪು? ಸ್ಟೀಲ್ ಟ್ಯೂಬ್ 7 ಕೆ.ಜಿ., ಅದೇ ಅಳತೆಯ ಅಲ್ಯೂಮಿನಿಯಂ ಎರಡೂವರೆ. ಆದ್ರೆ ಆ ತೂಕ ಇರೋದು ನಡುವಿನಿಂದ ಬರೀ 4 ಸೆಂ.ಮೀ. ಆಚೆ. ಚಕ್ರದ ತೂಕ 30 ಸೆಂ.ಮೀ. ಆಚೆ. ಅದೇ ದುಡ್ಡಿಗೆ ಹಗುರದ ವೀಲು ಹಾಕ್ಸಿ, ಗೊತ್ತಾಗುತ್ತೆ.

ವೆಲ್ಡಿಂಗ್ ಹೆಬ್ಬಾಳ:
ಮೇಲಿನ ಲೆಕ್ಕ ಸರಿ. ಆದ್ರೆ ಶಾಫ್ಟು 1.6 ಮೀಟರ್ ಆಗಿದ್ರೆ ಅದೇ 76ರ ಟ್ಯೂಬು 4,800ಕ್ಕೆ ಇಳಿಯುತ್ತೆ. ಆಗ 100 ಮಿ.ಮೀ. ಅಲ್ಯೂಮಿನಿಯಂ, ಇಲ್ಲಾಂದ್ರೆ ಸೆಂಟರ್ ಬೇರಿಂಗ್ ಇಟ್ಟು ಎರಡು ಪೀಸು. ಅಲ್ಯೂಮಿನಿಯಂ ಸುಮ್ನೆ ತಳ್ಳಿಹಾಕೋ ವಸ್ತು ಅಲ್ಲ.

ನಿಮ್ಮ ಗಾಡಿಗೆ ಬೇಡ ಅನ್ನೋದಕ್ಕೆ ಕಾರಣ ವೆಲ್ಡು. 6061-ಟಿ6 ಅನ್ನೋ ಅಲ್ಯೂಮಿನಿಯಂ ಟ್ಯೂಬಿಗೆ ಯೋಕ್ (ಕ್ರಾಸ್ ಕೂರೋ ಕವಲು ತುಂಡು) ಬೆಸೆದ ಕಡೆ ಬಿಸಿಗೆ ಬಲ ಅರ್ಧದ ಹತ್ತಿರಕ್ಕೆ ಬೀಳುತ್ತೆ. ಫಸ್ಟ್ ಗೇರಲ್ಲಿ ಶಾಫ್ಟಿಗೆ ಬರೋದು 190×3.6, ಅಂದ್ರೆ 684 ಎನ್‌ಎಂ. ಕ್ಲಚ್ ದಢಕ್ಕನೆ ಬಿಟ್ರೆ ಅದರ ಎರಡರಷ್ಟು. ತೆಳ್ಳನೆ ಟ್ಯೂಬಾದ್ರೆ ಬಿರುಕು ಬಿಡೋದು ವೆಲ್ಡ್ ಪಕ್ಕದಲ್ಲೇ. ಜೊತೆಗೆ ಜಲ್ಲಿ. ಕಲ್ಲು ಬಡಿದು ಒಂದು ತಗ್ಗು ಬಿದ್ರೂ ಅಲ್ಯೂಮಿನಿಯಂ ಟ್ಯೂಬ್ ಅಲ್ಲೇ ಮಡಚಿಕೊಳ್ಳುತ್ತೆ, ತಟ್ಟಿ ನೆಟ್ಟಗೆ ಮಾಡೋಕಾಗಲ್ಲ. ಕ್ರಾಸಿನ ಸ್ಟೀಲ್ ಬೇರಿಂಗ್ ಕಪ್ (ಬಟ್ಟಲು) ಕೂತ ಅಲ್ಯೂಮಿನಿಯಂ ಯೋಕು ಮಳೆಗಾಲದಲ್ಲಿ ಬಿಳಿ ಪುಡಿ ಹಿಡಿದು ಸಡಿಲ ಆಗೋದು ಬೇರೆ.

ಹಳೇಗಾಡಿ ಮಂಡ್ಯ:
ಸರಿ, ಸ್ಟೀಲೇ. ಮಾಡಿಸುವಾಗ ಏನೇನು ನೋಡ್ಕೋಬೇಕು?

ವೆಲ್ಡಿಂಗ್ ಹೆಬ್ಬಾಳ:
ಅಳತೆ ತಗೊಳ್ಳೋವಾಗ ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿರಬೇಕು. ಜ್ಯಾಕ್ ಹಾಕಿ ಹೌಸಿಂಗ್ ನೇತಾಡಿಸಿ ಅಳೆದ್ರೆ ತಪ್ಪು ಉದ್ದ ಬರುತ್ತೆ. ಸ್ಲಿಪ್ ಯೋಕ್ (ಗೇರ್‌ಬಾಕ್ಸಿನಲ್ಲಿ ಒಳಗೂ ಹೊರಗೂ ಜಾರೋ ಮುಂದಿನ ತುದಿ) ಪೂರ್ತಿ ಒಳಗೆ ತಳ್ಳಿ, ಆಮೇಲೆ 20–25 ಮಿ.ಮೀ. ಆಚೆ ಎಳೆದು ಅಲ್ಲಿಂದ ಅಳೀರಿ. ಆ ಜಾಗ ಬಿಡದಿದ್ರೆ ಹಂಪ್ ಹಾರಿದಾಗ ಶಾಫ್ಟು ಗೇರ್‌ಬಾಕ್ಸಿನ ಹಿಂಭಾಗಕ್ಕೆ ಗುದ್ದುತ್ತೆ.

ನೀರಿನ ಪೈಪು ತರಬೇಡಿ, ಸಿಡಿಡಬ್ಲ್ಯೂ (ಬೆಸೆದು ತಣ್ಣಗೆ ಎಳೆದು ಮಾಡಿದ) ಟ್ಯೂಬೇ ಬೇಕು. ಎರಡೂ ಕಡೆ ಯೋಕ್‌ನ ಕಿವಿಗಳು ಒಂದೇ ಗೆರೆಯಲ್ಲಿ ಬರಲಿ. ನಾಲ್ಕು ಕಡೆ ಟ್ಯಾಕ್ (ಚುಕ್ಕೆ ವೆಲ್ಡ್) ಹಾಕಿಸಿ, ಲೇತಲ್ಲಿ ಡಯಲ್ ಗೇಜ್ ಇಟ್ಟು ತಿರುಗಿಸಿ, ಓಟ (ತಿರುಗುವಾಗಿನ ಓಲಾಟ) 0.5 ಮಿ.ಮೀ. ಒಳಗಿದ್ರೆ ಮಾತ್ರ ಪೂರ್ತಿ ವೆಲ್ಡ್. ಬ್ಯಾಲೆನ್ಸಿಂಗ್ ಕ್ರಾಸ್ ಕೂರಿಸಿದ ಮೇಲೆ, ಮೊದಲಲ್ಲ.

ಲೆಕ್ಕದ ಶಾಫ್ಟು:
ಕೋನಾನೂ ನೋಡ್ಕೊಳ್ಳಿ. ಎಂಜಿನ್ ಬದಲಾದ ಗಾಡಿಲಿ ಕೆಡೋದು ಹೆಚ್ಚಾಗಿ ಅದೇ. ಗೇರ್‌ಬಾಕ್ಸ್ ಶಾಫ್ಟೂ ಹಿಂದಿನ ಪಿನಿಯನ್ನೂ (ಹೌಸಿಂಗಿಗೆ ಒಳಹೋಗೋ ಶಾಫ್ಟು) ಒಂದಕ್ಕೊಂದು ಸಮಾನಾಂತರ ಇರಬೇಕು. ಎರಡು ಕ್ರಾಸಿನ ಕೋನದ ವ್ಯತ್ಯಾಸ ಒಂದು ಡಿಗ್ರಿ ಮೀರಬಾರದು, ಪ್ರತಿ ಕೋನ 1ರಿಂದ 3 ಡಿಗ್ರಿ. ಸೊನ್ನೆ ಇದ್ರೂ ಕೆಟ್ಟದ್ದೇ, ಸೂಜಿ ಬೇರಿಂಗು ಒಂದೇ ಕಡೆ ಕೂತು ಕಪ್ಪಿನಲ್ಲಿ ಗೆರೆ ಬೀಳುತ್ತೆ. ಹೆಚ್ಚುಕಮ್ಮಿ ಬಂದ್ರೆ ಗೇರ್‌ಬಾಕ್ಸ್ ಮೌಂಟ್ ಕೆಳಗೆ ಶಿಮ್ (ತೆಳು ತಗಡು) ಕೊಟ್ಟು ಸರಿಮಾಡಿ.

ಮುಂದಿನ ಕ್ರಾಸಿಂದ 15 ಸೆಂ.ಮೀ. ಒಳಗೆ 50×6 ಮಿ.ಮೀ. ಪಟ್ಟಿಯ ಒಂದು ಲೂಪ್ ಛಾಸಿಗೆ ಬೋಲ್ಟ್ ಮಾಡಿಸಿಬಿಡಿ. ಮುಂದಿನ ಕ್ರಾಸ್ ಮುರಿದ್ರೆ ಶಾಫ್ಟು ರೋಡಿಗೆ ಚುಚ್ಚಿಕೊಂಡು ಗಾಡೀನೇ ಎತ್ತಿಬಿಡುತ್ತೆ. ಹ್ಞಾಂ, ಎಂಜಿನ್ ಬದಲಾದದ್ದು ಆರ್‌ಸಿಲಿ ಏರಿಸಿದ್ದೀರಿ ತಾನೆ?