ಸಹಾಯ ಬೇಕು: ಅನಿಮೋನ್ ಬುಡದಲ್ಲೇ ಕ್ಲೌನ್ ಫಿಶ್ ಮೊಟ್ಟೆ, ಮರಿ ಉಳಿಸೋದು ಹೇಗೆ?

ಉಪ್ಪುನೀರಿನ ಟ್ಯಾಂಕ್ ಇಟ್ಟಿರೋರು ದಯವಿಟ್ಟು ನೋಡಿ. 300 ಲೀಟರ್ ಟ್ಯಾಂಕ್, 27 ಡಿಗ್ರಿ, ಸಾಂದ್ರತೆ 1.025. ಒಸೆಲ್ಲಾರಿಸ್ ಜಾತಿಯ ಕ್ಲೌನ್ ಫಿಶ್ ಜೋಡಿ, ಬಬಲ್ ಟಿಪ್ ಅನಿಮೋನ್ (ಕಲ್ಲಿಗೆ ಅಂಟಿಕೊಂಡು ಬದುಕೋ, ಕುಟುಕೋ ಎಳೆಗಳಿರೋ ಕಡಲ ಜೀವಿ).

ಪ್ರತಿ ಸಲವೂ ಅನಿಮೋನ್ ಕಚ್ಕೊಂಡಿರೋ ದೊಡ್ಡ ಕಲ್ಲಿಗೇ, ಅದರ ಪಾದದ ಪಕ್ಕದಲ್ಲೇ ಮೊಟ್ಟೆ. ಮೇಲೆ ಅನಿಮೋನ್ ಚಪ್ಪರದ ಹಾಗೆ ಹರಡಿರುತ್ತೆ. ಗಂಡು ಕೆಳಗೆ ನಿಂತು ರೆಕ್ಕೆ ಬೀಸ್ತಾ, ಬಿಳಿಚಿಕೊಂಡ ಮೊಟ್ಟೆ ಒಂದೊಂದೇ ಕಿತ್ತು ತಿನ್ನುತ್ತೆ. ಕಿತ್ತಳೆ ಬಣ್ಣ ಹೋಗಿ ಬೆಳ್ಳಿ ಕಣ್ಣು ಕಾಣೋವರೆಗೂ ಎಲ್ಲ ಸರಿ.

ಏಳೆಂಟನೇ ರಾತ್ರಿ, ಲೈಟ್ ಆರಿದ ಒಂದೆರಡು ಗಂಟೆಯಲ್ಲಿ ಮೊಟ್ಟೆ ಒಡೆಯುತ್ತೆ. ಮರಿಗಳು ಓವರ್‌ಫ್ಲೋಗೆ (ಟ್ಯಾಂಕಿನ ನೀರು ಫಿಲ್ಟರ್ ಕಡೆ ಹರಿದು ಹೋಗೋ ಜಾಗ) ಹೋಗ್ತವೆ, ಇಲ್ಲ ಬೇರೆ ಮೀನಿನ ಬಾಯಿಗೆ. ಪಕ್ಕದಲ್ಲಿ ಟೈಲ್ಸ್ ತುಂಡು, ಅರ್ಧ ಮಣ್ಣಿನ ಕುಂಡ ಇಟ್ಟಾಯ್ತು. ಬಾಯಲ್ಲಿ ಉಜ್ಜಿ ಶುಚಿ ಮಾಡ್ತವೆ, ಮೊಟ್ಟೆ ಮಾತ್ರ ಕಲ್ಲಿಗೇ! ಪಂಪ್ ನಿಲ್ಲಿಸಿ, ಮೂಲೆಗೆ ಟಾರ್ಚ್ ಹಿಡಿದು, ಬೆಳಕಿಗೆ ಬಂದ ಮರಿಗಳನ್ನ ಲೋಟದಲ್ಲಿ ಎತ್ತಿದ್ರೆ ಹತ್ತಿಪ್ಪತ್ತು ಸಿಕ್ಕರೆ ಹೆಚ್ಚು. ಬಲೆ ಹಾಕೋ ಹಾಗಿಲ್ಲ, ತಾಗಿದ್ರೆ ಸಾಯ್ತವೆ. ಮರಿಗಳ ಆಹಾರಕ್ಕೆ ರೋಟಿಫರ್ (ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ) ಕಲ್ಚರ್ ರೆಡಿ ಇದೆ, ಅದರ ಚಿಂತೆ ಇಲ್ಲ. ಅನಿಮೋನ್ ಕಿತ್ತು ಬಿಡಿಸಿ ಅಂತ ಮಾತ್ರ ಹೇಳಬೇಡಿ. ಪಾದ ಹರಿದ್ರೆ ಕೊಳೆತು ಇಡೀ ಟ್ಯಾಂಕಿನ ನೀರು ಕೆಡುತ್ತೆ.

ಈಗ ಗೊಂದಲ ಇಷ್ಟೇ. ಒಡೆಯೋ ಸಂಜೆ ಕಲ್ಲನ್ನ ಅನಿಮೋನ್ ಸಮೇತ, ಅದೇ ಟ್ಯಾಂಕಿನ ನೀರು ತುಂಬಿದ 40 ಲೀಟರ್ ಟಬ್‌ಗೆ ಇಟ್ಟು, ಮೊಟ್ಟೆ ಕೆಳಗೆ ಏರ್‌ಸ್ಟೋನ್ (ಗಾಳಿ ಗುಳ್ಳೆ ಬಿಡೋ ಕಲ್ಲು) ಹಾಕಬಹುದಾ? ಇಲ್ಲ, ಪಂಪಿನ ಹರಿವು ನೇರ ಬಿಟ್ಟು ಅನಿಮೋನೇ ಜಾಗ ಬದಲಿಸೋ ಹಾಗೆ ಮಾಡೋದು ವಾಸಿನಾ? ಕಲ್ಲು ಸಮೇತ ಎತ್ತಿ ಮರಿ ಮಾಡಿಸಿದವರು ಯಾರಾದ್ರೂ ಇದ್ರೆ ಹೇಳಿ: ಅನಿಮೋನನ್ನ ಟಬ್‌ನಲ್ಲಿ ಎಷ್ಟು ಗಂಟೆ ಬಿಟ್ರಿ, ಮರಿಗಳು ಅದಕ್ಕೆ ಸಿಕ್ಕಿಹಾಕ್ಕೊಂಡ್ವಾ?