ಹೊಸ ಪಕ್ಷ, ಮತದಾನ ಪ್ರಮಾಣ: ವಕೀಲರನ್ನು ಕೇಳಿ (ದಾವಣಗೆರೆ–ಚಿತ್ರದುರ್ಗ ಗುಂಪು)

ಅಡ್ಮಿನ್: ಚುನಾವಣಾ ತಕರಾರು ನಡೆಸುವ ದಾವಣಗೆರೆ ವಕೀಲರು ಇವತ್ತು ಉತ್ತರ ಕೊಡ್ತಾರೆ. ಹೊಸ ಪಕ್ಷ, ಮತಪಟ್ಟಿ, ಮತದಾನದ ಬಗ್ಗೆ ಮಾತ್ರ ಕೇಳಿ.

ಸೂಳೆಕೆರೆ: ಸರ್, ಮತದಾನ ಜಾಸ್ತಿ ಆದ್ರೆ ಹೊಸ ಪಕ್ಷಕ್ಕೆ ಅನುಕೂಲ ಅಂತಾರಲ್ಲ, ನಿಜಾನಾ?

ವಕೀಲರು: ತಾನಾಗಿ ಆಗಲ್ಲ. ಠೇವಣಿ ಉಳಿಯಬೇಕಾದರೆ ಸಿಂಧು ಮತದ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು, ನೋಟಾ ಈ ಲೆಕ್ಕಕ್ಕಿಲ್ಲ. 2 ಲಕ್ಷ ಮತದಾರರಿರುವ ಕ್ಷೇತ್ರದಲ್ಲಿ 75% ಮತದಾನವಾದರೆ ಗೆರೆ 25,000. 85% ಆದರೆ 28,333. ಹೆಚ್ಚುವರಿ ಮತದಾರರನ್ನು ಮನೆಯಿಂದ ಹೊರಡಿಸುವುದು ಬೂತ್‌ಗೊಬ್ಬ ಆಳಿರುವ ಪಕ್ಷ. ಒಂದು ಕ್ಷೇತ್ರಕ್ಕೆ 200ಕ್ಕೂ ಹೆಚ್ಚು ಬೂತ್. ಆ ಆಳು ನಿಮಗಿಲ್ಲದಿದ್ದರೆ ಹೆಚ್ಚಿದ ಮತದಾನ ಹಳಬರ ಪಾಲು.

ಮಂಡಕ್ಕಿ: ಈ ಮೆಸೇಜು ಎಲ್ಲ ಕಡೆ ಓಡಾಡ್ತಿದೆ: "ಪಟ್ಟಿಯಲ್ಲಿ ಹೆಸರಿಲ್ಲದಿದ್ರೆ ಆಧಾರ್ ತೋರಿಸಿ 49ಎ ಪ್ರಕಾರ ಚಾಲೆಂಜ್ ವೋಟ್ ಹಾಕಿ. ಟೆಂಡರ್ ವೋಟ್ 14% ದಾಟಿದ್ರೆ ಮರುಮತದಾನ."

ವಕೀಲರು: ಎರಡೂ ಸುಳ್ಳು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಇಲ್ಲ. ಚಾಲೆಂಜ್ ಅಂದರೆ ಬೂತಲ್ಲಿ ಕೂರುವ ಅಭ್ಯರ್ಥಿಯ ಏಜೆಂಟ್ 2 ರೂಪಾಯಿ ಕಟ್ಟಿ ಒಬ್ಬ ಮತದಾರನ ಗುರುತನ್ನು ಪ್ರಶ್ನಿಸುವುದು. ಟೆಂಡರ್ ಮತ, ನಿಮ್ಮ ಹೆಸರಲ್ಲಿ ಬೇರೆಯವರು ಹಾಕಿ ಹೋಗಿದ್ದಾಗ ಮಾತ್ರ. ಅದನ್ನು ಕಾಗದದ ಮತಪತ್ರದಲ್ಲಿ ಪಡೆದು ಲಕೋಟೆಯಲ್ಲಿಡುತ್ತಾರೆ, ಎಣಿಕೆ ದಿನ ಎಣಿಸುವುದಿಲ್ಲ. 14% ನಿಯಮ ಯಾವ ಕಾಯ್ದೆಯಲ್ಲೂ ಇಲ್ಲ. ಇದನ್ನು ನಂಬಿ ಪಟ್ಟಿ ನೋಡದೆ ಕೂತವರು ಮತದಾನದ ದಿನ ಮತಗಟ್ಟೆಯಿಂದ ವಾಪಸ್ ಬರುತ್ತಾರೆ. ದಯವಿಟ್ಟು ಮುಂದೆ ಕಳಿಸಬೇಡಿ.

ವೇದಾವತಿ: ಸರ್, ಹಿರಿಯೂರು, ಹೊಸದುರ್ಗ, ಚಳ್ಳಕೆರೆ, ಮೊಳಕಾಲ್ಮೂರು ನಾಲ್ಕು ಕಡೆ ಹೊಸ ಪಕ್ಷದಿಂದ ನಿಲ್ಲೋ ಯೋಚನೆ. ಸ್ಥಾಪನಾ ಸಭೆ ಆಗಿ 40 ದಿನ ಆಯ್ತು. ಚಿಹ್ನೆ ಹಾಕಿ 5 ಸಾವಿರ ಕರಪತ್ರ ಅಚ್ಚಾಗಿದೆ. ನೋಂದಣಿಗೆ ಏನೇನು ಬೇಕು?

ವಕೀಲರು: ಮೊದಲು ಅಚ್ಚು ನಿಲ್ಲಿಸಿ. ಇಲ್ಲಿ ಎರಡು ತೊಡಕಿವೆ.

ಒಂದು, ತಾರೀಖು. ಪ್ರಜಾಪ್ರತಿನಿಧಿ ಕಾಯ್ದೆ 1951ರ 29ಎ ಪ್ರಕಾರ ಪಕ್ಷ ಸ್ಥಾಪನೆಯಾದ 30 ದಿನದೊಳಗೆ ಅರ್ಜಿ ದೆಹಲಿಯ ಚುನಾವಣಾ ಆಯೋಗಕ್ಕೆ ತಲುಪಬೇಕು. ನಿಮ್ಮದು ದಾಟಿಹೋಗಿದೆ. ಹಳೆ ನಡಾವಳಿ ಪುಸ್ತಕದ ತಾರೀಖು ತಿದ್ದಬೇಡಿ, ಅದು ಅಪರಾಧ. ಹೊಸದಾಗಿ ಸಭೆ ಕರೆದು ಹೊಸ ಠರಾವು ಮಾಡಿ. ಆದರೆ ಕಾಗದ ಜೋಡಿಸಿಕೊಂಡ ಮೇಲೆ ಸಭೆ ಇಡಿ: 10,000 ರೂ. ಡಿಡಿ, ಪಕ್ಷದ ನಿಯಮಾವಳಿ, ಕನಿಷ್ಠ 100 ಸದಸ್ಯರ ಪಟ್ಟಿ. ಆ ನೂರೂ ಜನ ಮತದಾರರಾಗಿರಬೇಕು, ಬೇರೆ ಪಕ್ಷದ ಸದಸ್ಯರಲ್ಲವೆಂದು ಒಬ್ಬೊಬ್ಬರೂ ಪ್ರಮಾಣಪತ್ರ ಕೊಡಬೇಕು. ನೂರಕ್ಕೆ ನೂರೇ ಕೊಟ್ಟರೆ ಒಂದು ಹೆಸರು ಬಿದ್ದರೂ ಅರ್ಜಿ ಬೀಳುತ್ತದೆ, 120 ಮಾಡಿಸಿ. ನಿಯಮಾವಳಿಯಲ್ಲಿ ಸಂವಿಧಾನಕ್ಕೆ ನಿಷ್ಠೆಯ ವಾಕ್ಯ ಕಾಯ್ದೆಯಲ್ಲಿರುವಂತೆಯೇ ಇರಲಿ. 5 ವರ್ಷದೊಳಗೆ ಚುನಾವಣೆಗೆ ನಿಲ್ಲುತ್ತೇವೆ ಎಂಬ ಷರತ್ತೂ ಇರಲಿ. 6 ವರ್ಷ ಚುನಾವಣೆಗೇ ನಿಲ್ಲದ 334 ಪಕ್ಷಗಳನ್ನು ಆಯೋಗ 2025ರ ಆಗಸ್ಟ್‌ನಲ್ಲಿ ಪಟ್ಟಿಯಿಂದ ತೆಗೆದಿದೆ. ಅರ್ಜಿ ಕೊಟ್ಟ ಮೇಲೆ ಪತ್ರಿಕೆಗಳಲ್ಲಿ ಪ್ರಕಟಣೆ, ಆಕ್ಷೇಪಣೆಗೆ 30 ದಿನ.

ಎರಡು, ಚಿಹ್ನೆ. ನನಗೆ ಹೆಚ್ಚು ಆತಂಕ ಇದರದ್ದೇ. ನೋಂದಣಿಯಾದ ಮಾತ್ರಕ್ಕೆ ಚಿಹ್ನೆ ನಿಮ್ಮದಾಗಲ್ಲ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಚಿಹ್ನೆ ಬೇಕಾದರೆ ರಾಜ್ಯದ ವಿಧಾನಸಭಾ ಸ್ಥಾನಗಳ 5%ರಲ್ಲಿ ನಿಲ್ಲಬೇಕು. 224ಕ್ಕೆ 11.2, ಅಂದರೆ 12. ಚಿತ್ರದುರ್ಗ ಜಿಲ್ಲೆಯ 6, ದಾವಣಗೆರೆಯ 7 ಕೂಡಿಸಿದರೆ 13. ನಾಲ್ಕೇ ಕಡೆ ನಿಂತರೆ ಪ್ರತಿ ಕ್ಷೇತ್ರದ ಚುನಾವಣಾಧಿಕಾರಿ ಮುಕ್ತ ಚಿಹ್ನೆಗಳ (ಯಾವ ಪಕ್ಷಕ್ಕೂ ಮೀಸಲಿಲ್ಲದವು) ಪಟ್ಟಿಯಿಂದ ಬೇರೆ ಬೇರೆ ಕೊಡಬಹುದು. ಹಿರಿಯೂರಲ್ಲಿ ಒಂದು, ಚಳ್ಳಕೆರೆಯಲ್ಲಿ ಇನ್ನೊಂದು. ಸಂತೆಯಲ್ಲಿ ಒಂದು ಚಿಹ್ನೆ ತೋರಿಸಿ ಬಂದ ಮೇಲೆ ಮತಯಂತ್ರದಲ್ಲಿ ಬೇರೆ ಕಂಡರೆ ನಿಮ್ಮ ಮತ ಅಲ್ಲೇ ಹೋಯಿತು. 12 ಕಡೆ ಆಗುವುದಾದರೆ ವಿಧಾನಸಭೆ ಅವಧಿ ಮುಗಿಯುವ 6 ತಿಂಗಳ ಮುಂಚೆ, ಅಂದರೆ 2027ರ ನವೆಂಬರ್ ಸುಮಾರಿಗೆ, ಅರ್ಜಿ ತಯಾರಿರಲಿ. ಮೊದಲು ಬಂದವರಿಗೆ ಮೊದಲು.

ಅಡಿಕೆ ಗರಿ: 4 ಕಡೆ ನಿಂತು ಓಟು ಒಡೆಯೋದು ಬಿಟ್ರೆ ಇವರಿಂದ ಏನಾಗತ್ರಿ? 2023ರಲ್ಲಿ ಜಗಳೂರಲ್ಲಿ ಅಂತರ ಬರೀ 874.

ಕೋಟೆ ಹುಡುಗ: ಓಟು ಯಾವ ಪಕ್ಷದ ಅಪ್ಪನ ಆಸ್ತಿನೂ ಅಲ್ಲಣ್ಣ. ಜಗಳೂರಲ್ಲಿ ಮೂರನೇ ಸ್ಥಾನದ ಪಕ್ಷೇತರರಿಗೇ 49 ಸಾವಿರ ಬಂತು. ಯಾರು ಯಾರದ್ದು ಒಡೆದ್ರು ಹೇಳಿ ನೋಡಣ.

ಅಡಿಕೆ ಗರಿ: ಅವರು ಮಾಜಿ ಶಾಸಕರು. ಹೊಸಬ್ರು ಅಂತ ಯಾರಿಗೆ ಹೇಳ್ತೀಯ?

ವಕೀಲರು: ಆ ಮಾತು ಸರಿ. 2013ರಲ್ಲಿ ಯಡಿಯೂರಪ್ಪನವರ ಕೆಜೆಪಿ 6, ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ 4 ಸ್ಥಾನ ಗೆದ್ದವು, 2023ರಲ್ಲಿ ಜನಾರ್ದನ ರೆಡ್ಡಿಯವರ ಕೆಆರ್‌ಪಿಪಿ 1. ಮೂರನ್ನೂ ಕಟ್ಟಿದವರು ಹಳೆ ಪಕ್ಷದಿಂದ ಜನ, ಜಾಲ ಸಮೇತ ಹೊರಬಂದವರು. ಮೂರೂ ಉಳಿಯಲಿಲ್ಲ.

ಕೋಟೆ ಹುಡುಗ: ಹಾಗಂತ ಹೊಸಬ್ರು ಮನೇಲಿ ಕೂರ್ಬೇಕಾ? ನಿಮ್ಮಂಥೋರೇ ಹೀಗಂದ್ರೆ ಹೆಂಗೆ?

ವಕೀಲರು: ಕೂರಿ ಅಂದಿಲ್ಲ. ಬೂತ್ ಕಟ್ಟಿ ಅಂದೆ. ಮೇಲಿಂದ ಓದಿ.

ಹರಿಹರ: ದಾವಣಗೆರೆಗೆ ಮನೆ ಬದಲಾಯಿಸಿದ್ದೀವಿ. ಫಾರಂ 6 ಹಾಕ್ಲಾ?

ವಕೀಲರು: ನಮೂನೆ 8. 6 ಹೊಸಬರಿಗೆ.

ತುಂಗಭದ್ರಾ: ಅಕ್ಕ ದುಬೈಲಿದ್ದಾಳೆ, ಅಲ್ಲಿಂದಲೇ ಓಟು ಹಾಕ್ಬಹುದಾ ಸರ್?

ಮಂಡಕ್ಕಿ: ಇನ್ನೊಂದು ಬಂತು ಸರ್. "ನೋಟಾ ಹೆಚ್ಚಾದ್ರೆ ಎಲ್ಲರೂ ಅನರ್ಹ, ಮರುಚುನಾವಣೆ."

ವಕೀಲರು: ಸುಳ್ಳು. ವಿಧಾನಸಭೆ, ಲೋಕಸಭೆಯಲ್ಲಿ ನೋಟಾ ಎಷ್ಟೇ ಬಂದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆದ್ದಂತೆ. ಕಳಿಸಬೇಡಿ ಅಂತ ಆಗಲೇ ಹೇಳಿದ್ದೆ.

ಬಾತಿ: ನಮ್ಮದೂ ಮನೆ ಬದಲಾಗಿದೆ, ಯಾವ ಫಾರಂ ಸರ್?

ವಕೀಲರು: 8. ಮೂರು ಮೆಸೇಜು ಮೇಲಿದೆ.

ಅಡಿಕೆ ಗರಿ: ಕೋಟೆ ಹುಡುಗ, ನಿನ್ನ ಪಕ್ಷಕ್ಕೆ ಠೇವಣಿ ಉಳಿಸಿ ತೋರ್ಸು, ಆಮೇಲೆ ಮಾತಾಡು.

ಕೋಟೆ ಹುಡುಗ: ಹಿರಿಯರು ಅಂತ ಇಷ್ಟೊತ್ತು ಸುಮ್ನಿದ್ದೆ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮಾತು ಬಂದ್ರೆ ಗುಂಪಿನಿಂದ ತೆಗೀತೀನಿ.

ವೇದಾವತಿ: ಸರ್, 12 ಕಡೆ ಆಗುತ್ತೆ ಅಂತಿಟ್ಟುಕೊಳ್ಳಿ. ನಾಮಪತ್ರ ಎಲ್ಲಿ ಬೀಳುತ್ತೆ?

ವಕೀಲರು: ಸೂಚಕರಲ್ಲಿ, ಅಂದರೆ ನಾಮಪತ್ರಕ್ಕೆ ಸಹಿ ಹಾಕಿ ಹೆಸರು ಸೂಚಿಸುವವರಲ್ಲಿ. ಮಾನ್ಯತೆ ಪಡೆದ ಪಕ್ಷಕ್ಕೆ ಒಬ್ಬರು ಸಾಕು, ನಿಮಗೆ 10 ಜನ ಬೇಕು, ಎಲ್ಲರೂ ಅದೇ ಕ್ಷೇತ್ರದ ಮತದಾರರು. ದಾವಣಗೆರೆ ಊರು ಉತ್ತರ, ದಕ್ಷಿಣ ಎಂದು ಒಡೆದಿದೆ. ಅದೇ ಊರಿನವರು ಎಂದು ಆಚೆ ಕ್ಷೇತ್ರದವರಿಂದ ಸಹಿ ಮಾಡಿಸಿದರೆ ಆ ಸಹಿ ಲೆಕ್ಕಕ್ಕಿಲ್ಲ. ಭಾಗ ಸಂಖ್ಯೆ, ಕ್ರಮ ಸಂಖ್ಯೆಯನ್ನು ಇತ್ತೀಚಿನ ಪಟ್ಟಿ ನೋಡಿ ಬರೆಯಿರಿ. ನಮೂನೆ 26ರಲ್ಲಿ (ಅಭ್ಯರ್ಥಿಯ ಆಸ್ತಿ, ಕೇಸುಗಳ ಪ್ರಮಾಣಪತ್ರ) ಒಂದು ಕಲಮನ್ನೂ ಖಾಲಿ ಬಿಡಬೇಡಿ, ಇಲ್ಲದಿದ್ದರೆ "ಇಲ್ಲ" ಅಂತ ಬರೆಯಿರಿ. ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಎ, ಬಿ ನಮೂನೆ ನಾಮಪತ್ರದ ಕೊನೆ ದಿನ ಮಧ್ಯಾಹ್ನ 3ರೊಳಗೆ ಅಧಿಕಾರಿಯ ಮೇಜಿನ ಮೇಲಿರಬೇಕು.

ತುಂಗಭದ್ರಾ: ಸರ್, ದುಬೈದು ಹೇಳಲೇ ಇಲ್ಲ.